ಸಣ್ಣೀರಮ್ಮನ ಪಲ್ಲಕ್ಕಿಗೆ ಬಿರುದು

ಗುಡೇಗಲ್ಲಿನ ಪಾಳೇಗಾರ ಕೆಂಚಪ್ಪನಾಯಕರ ಹೊಗಳುಭಟ ಹಾಲಯ್ಯನಿಗೆ ದೇವರು ಬುದ್ಧಿಗಿಂತ ಗಂಟಲನ್ನೇ ಧಾರಾಳವಾಗಿ ಕೊಟ್ಟಿದ್ದ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ.

ಒಂದು ದಿನ ನಾಯಕರು ಕರೆಸಿದರು. "ಹಾಲಯ್ಯ, ಕೋಟೆಬಾಗಿಲಲ್ಲಿ ಮಜ್ಜಿಗೆ ಮಾರುತ್ತಿದ್ದ ಸಣ್ಣೀರಮ್ಮ ಈಗ ತುಪ್ಪದ ವ್ಯಾಪಾರ ಮಾಡಿ ಪಲ್ಲಕ್ಕಿಯಲ್ಲಿ ಓಡಾಡುತ್ತಾಳಂತೆ! ನಾಳೆ ಒಡ್ಡೋಲಗಕ್ಕೂ ಹಾಗೇ ಬರುತ್ತಾಳಂತೆ. ನಾಚಿ ಇಳಿದು ನಡೆಯಬೇಕು, ಅಂಥ ಬಿರುದು ಕೂಗು. ಅವಳು ಇಳಿಯಲಿಲ್ಲವೋ, ನಿನ್ನ ಹುದ್ದೆಯ ಬೆಳ್ಳಿಕೋಲು ಕಿತ್ತುಕೊಂಡು ಮನೆಗೆ ಕಳಿಸುತ್ತೇನೆ."

ಹಾಲಯ್ಯನಿಗೆ ಒಂದೂ ಹೊಳೆಯಲಿಲ್ಲ. ದೊಡ್ಡವರನ್ನೇ ಕೇಳೋಣವೆಂದು ಹೊರಟ. ಮಂತ್ರಿಗಳು "ಜಂಬಗಾತಿ" ಎಂದರು. ದಳವಾಯಿ "ಗಂಡುಬೀರಿ" ಎಂದ. ರಾಣಿಯಮ್ಮನ ಅಣ್ಣನಂತೂ "ಬಜಾರಿ, ನಿನ್ನೆಮೊನ್ನೆ ಕಣ್ಣುಬಿಟ್ಟವಳು" ಅಂತ ಶುರುಮಾಡಿ ಎಲೆಯಡಿಕೆ ಮುಗಿಯುವ ತನಕ ನಿಲ್ಲಿಸಲಿಲ್ಲ.

"ಅಬ್ಬಾ! ಹದಿನೈದು ವರ್ಷ ಬಿರುದು ಹೊಸೆದು ತಿಂದವನು ನಾನು. ಇವರ ಮುಂದೆ ನಾನೆಂಥ ದಡ್ಡ!" ಎಂದು ಅದನ್ನೆಲ್ಲ ಮನೆಯಲ್ಲಿ ಹೇಳಿ ನಕ್ಕ.

ಹೆಂಡತಿ ಗಿರಿಯವ್ವ ನಗಲಿಲ್ಲ. "ನಿಮಗೆ ಬೆಳ್ಳಿಕೋಲು ಸಿಕ್ಕ ವರ್ಷ ನಾನು ಮೂಗುತಿ ಹಾಕಿಕೊಂಡಾಗ ಇವರೇ ಇದನ್ನೆಲ್ಲ ನನಗೂ ಅಂದಿದ್ದರು. ಆಗಲೂ ನೀವು ಹಿಂಗೇ ನಕ್ಕಿದ್ರಿ."

ಹಾಲಯ್ಯ ನಗು ನಿಲ್ಲಿಸಿ, ಕೇಳಿ ತಂದ ಬೈಗುಳಗಳನ್ನು ಒಂದೊಂದಾಗಿ ಮತ್ತೆ ಹೇಳಿಕೊಂಡ.

ಮರುದಿನ ಒಡ್ಡೋಲಗದಲ್ಲಿ ಕೈಮುಗಿದ. "ಬುದ್ಧಿ, ಬಿರುದಿನ ಜೊತೆಗೆ ಅದು ಬಂದ ಕಾರಣವನ್ನೂ ಕೂಗುವುದು ನಮ್ಮ ಪದ್ಧತಿ. ಅಪ್ಪಣೆಯೇ?"

"ಕೂಗಯ್ಯಾ, ಕೂಗು!"

ಪಲ್ಲಕ್ಕಿ ಬಾಗಿಲಿಗೆ ಬಂತು. ಹಾಲಯ್ಯ ಗಂಟಲೆತ್ತಿದ.

"ಜಂಬಗಾತಿ, ಬಹುಪರಾಕ್! ಯಾರ ಮುಂದೆಯೂ ಕೈಯೊಡ್ಡದೆ, ತಲೆಮೇಲೆ ಮಜ್ಜಿಗೆ ಹೊತ್ತು ಮೇಲೆ ಬಂದಿದ್ದಕ್ಕೆ! ಗಂಡುಬೀರಿ, ಬಹುಪರಾಕ್! ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದಾಗ, ದಳವಾಯಿಗಳು ಕಣಜದಲ್ಲಿ ಅಡಗಿದ್ದರೂ, ಸೈನಿಕರಿಗೆ ತಾನೇ ಮಜ್ಜಿಗೆ ಹೊತ್ತು ಕೊಟ್ಟಿದ್ದಕ್ಕೆ!"

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಸಣ್ಣೀರಮ್ಮ ಇಳಿಯುವುದಿರಲಿ, ಇನ್ನಷ್ಟು ನೆಟ್ಟಗೆ ಕೂತಳು.

"ಲೋ, ಬೈಯೋ ಅಂದರೆ ಹೊಗಳುತ್ತೀಯಾ?" ನಾಯಕರು ಗದರಿದರು.

"ಬೈಗುಳ ಆಸ್ಥಾನದ್ದು ಬುದ್ಧಿ, ಕಾರಣ ಅವಳದ್ದು. ತಮ್ಮ ಅಜ್ಜನವರು ದನ ಕಾಯುತ್ತಿದ್ದವರು ಕೋಟೆ ಕಟ್ಟಿದರು ಅಂತ ದಿನಾ ಬೆಳಗ್ಗೆ ಕೂಗುತ್ತೇನೆ. ತಾವು ಮೀಸೆ ತಿರುವುತ್ತೀರಿ."

ನಾಯಕರ ಕೈ ಆಗಲೂ ಮೀಸೆಯ ಮೇಲೇ ಇತ್ತು. ಮೆಲ್ಲಗೆ ಕೆಳಗಿಳಿಸಿ ಜೋರಾಗಿ ನಕ್ಕುಬಿಟ್ಟರು. "ಕೋಲು ನಿನ್ನ ಹತ್ತಿರವೇ ಇರಲಿ. ಅಲ್ಲವೋ, ಕತ್ತೆ ಮೇಯಿಸುತ್ತಿದ್ದವನ ಮಗ, ನೀನೂ ಮೇಲೆ ಬಂದವನೇ. ನಿನ್ನನ್ನು ಯಾರೂ ಏನೂ ಅನ್ನಲಿಲ್ಲವಾ?"

"ಇಲ್ಲ ಬುದ್ಧಿ," ಎಂದ ಹಾಲಯ್ಯ ತಲೆ ಕೆರೆದುಕೊಂಡು. "ಇವರು ಹೊಟ್ಟೆಕಿಚ್ಚು ಪಡುವಷ್ಟು ಮೇಲೆ ನಾನಿನ್ನೂ ಬಂದಿಲ್ಲ."