ದ್ಯಾವ ಗೈಡ್ ಆಗಲು ಹೊರಟದ್ದು

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ, ನಿದ್ದೆ ಬಂದವರು ಈಗಲೇ ಎದ್ದು ಹೋಗಿ. ಕೊಂಬಿನಗುಡ್ಡ ಅಂತ ಒಂದು ಬೆಟ್ಟ. ಅದರ ಸುತ್ತಲ ಕಾಡೆಲ್ಲ ಈಗ ರಾಷ್ಟ್ರೀಯ ಉದ್ಯಾನ. ಉದ್ಯಾನ ಅಂದರೆ ಗುಲಾಬಿ ಗಿಡ, ಕಲ್ಲುಬೆಂಚು ಅಂದುಕೊಳ್ಳಬೇಡಿ. ಕಾಟಿ ಎಂಬ ಕಾಡುಕೋಣ, ಕಡವೆ, ಜಿಗಣೆ ಇರುವ ಉದ್ಯಾನ. ಊರೂರಿಂದ ಜನ ಬಂದು, ಏದುಸಿರು ಬಿಟ್ಟುಕೊಂಡು ಬೆಟ್ಟ ಹತ್ತಿ, ಕುಂಟಿಕೊಂಡು ಇಳಿದು ಹೋಗುತ್ತಾರೆ. ಅವರಿಗೆ ಬುಡದ ಕ್ಯಾಂಪಿನಲ್ಲಿ ಅಡುಗೆ ಮಾಡಿ ಬಡಿಸುವವಳು ಚಲುವಕ್ಕ. ಚಲುವಕ್ಕನಿಗೆ ಒಬ್ಬನೇ ಮಗ, ದ್ಯಾವ.

ದ್ಯಾವ ಕೆಟ್ಟವನಲ್ಲ. ಸೋಮಾರಿಯಂತೂ ಅಲ್ಲವೇ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಅದೇ ತೊಂದರೆ. ಅನ್ನದ ಮೇಲೆ ಒಂದು ಕಣ್ಣಿಟ್ಟಿರು ಎಂದರೆ ಇನ್ನೊಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಒಲೆ ಮುಂದೆ ಕೂರುವ ಆಸಾಮಿ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಚಲುವಕ್ಕನಿಗೂ ಮಗ ಮುದ್ದೇ. ಆದರೆ ಅವಳ ಮಂಡಿ ಈಗೀಗ ಬಗ್ಗುತ್ತಿರಲಿಲ್ಲ. ತಾನು ಮೂಲೆ ಹಿಡಿದರೆ ಇವನ ಗತಿಯೇನು ಎಂಬ ಚಿಂತೆ ಅವಳನ್ನು ಕೊರೆಯುತ್ತಿತ್ತು. ಕೊನೆಗೆ ಫಾರೆಸ್ಟರ್ ಮಲ್ಲೇಶಪ್ಪನವರ ಮುಂದೆ ನಿಂತು, ಮಗನನ್ನು ಗೈಡ್ ಮಾಡಿಕೊಳ್ಳಿ, ಕಾಡಿನ ದಾರಿಯೆಲ್ಲ ಅವನಿಗೆ ಬಾಯಿಪಾಠ ಎಂದಳು. ಅದೇನೂ ಸುಳ್ಳಲ್ಲ. ಮಲ್ಲೇಶಪ್ಪ ತಲೆ ಕೆರೆದುಕೊಂಡು, ನಾಲ್ಕು ಸಲ ಬೆಟ್ಟ ಹತ್ತಿಸಿ ನೋಡುತ್ತೇನೆ, ನೆಟ್ಟಗೆ ಮಾಡಿದರೆ ಕೆಲಸ, ಇಲ್ಲದಿದ್ದರೆ ಮತ್ತೆ ಈ ಮಾತು ಎತ್ತಬಾರದು ಎಂದರು.

ಮೊದಲನೇ ದಿನ ಅವರು ಹೇಳಿಕೊಟ್ಟರು: ಗೈಡ್ ಅಂದರೆ ಯಾವಾಗಲೂ ಎಲ್ಲರಿಗಿಂತ ಮುಂದೆ ಇರಬೇಕು, ಯಾರನ್ನೂ ಮುಂದೆ ಬಿಡಬಾರದು. ದ್ಯಾವ ಹೂಂ ಅಂದ. ಬಂದವರು ಬಿಸಿರಕ್ತದ ಹುಡುಗರು, ಬಿರಬಿರನೆ ನಡೆದರು. ದ್ಯಾವ ಅವರಿಗಿಂತ ಬಿರಬಿರನೆ ನಡೆದ. ಅವರು ಓಡಿದರು. ದ್ಯಾವ ಅವರಿಗಿಂತ ಜೋರಾಗಿ ಓಡಿದ. ಓಡಿದವನು ತುದಿ ಮುಟ್ಟಿ, ಆಚೆ ಬದಿಯಿಂದ ಇಳಿದು, ಸುತ್ತು ಹಾಕಿ ಕ್ಯಾಂಪಿಗೆ ಬಂದು ಗಂಜಿ ಕುಡಿಯುತ್ತ ಕೂತ. ಹುಡುಗರು ದಾರಿ ತಪ್ಪಿ, ಮೈತುಂಬ ಜಿಗಣೆ ಹತ್ತಿಸಿಕೊಂಡು ಸಂಜೆಗೆ ಬಂದರು. ಒಬ್ಬನಾದರೂ ನನ್ನನ್ನು ದಾಟಿದ್ದಾನಾ ಕೇಳಿ ಸಾರ್ ಎಂದು ದ್ಯಾವ ಎದೆಯುಬ್ಬಿಸಿದ.

ಮಲ್ಲೇಶಪ್ಪ ಬೈದರು. "ಬೆಪ್ಪುತಕ್ಕಡಿ, ಮುಂದಿದ್ರೆ ಸಾಕೇನೋ? ಕಣ್ಣು ಜನರ ಮೇಲೇ ಇರ್ಬೇಕು. ಒಬ್ಬರನ್ನೂ ಮರೆಯಾಗೋಕೆ ಬಿಡ್ಬಾರ್ದು."

ದ್ಯಾವ ಹೂಂ ಅಂದ. ಎರಡನೇ ಸಲ ಬಂದವರು ನಿವೃತ್ತ ಮೇಷ್ಟ್ರುಗಳ ತಂಡ. ದ್ಯಾವ ಮುಂದೆಯೂ ಇರಬೇಕು, ಕಣ್ಣೂ ಅವರ ಮೇಲಿರಬೇಕು. ಹಾಗಾಗಿ ಅವರತ್ತ ಮುಖ ಮಾಡಿ ಹಿಮ್ಮುಖವಾಗಿಯೇ ಬೆಟ್ಟ ಹತ್ತಿದ. ಇರಲಿ, ಅದನ್ನಾದರೂ ತಡೆದುಕೊಳ್ಳಬಹುದು. ಅರ್ಧ ದಾರಿಯಲ್ಲಿ ಹಿರಿಯ ಮೇಷ್ಟ್ರೊಬ್ಬರಿಗೆ ಅವಸರವಾಯಿತು. ಅವರು ಮರದ ಮರೆಗೆ ಹೋದರೆ ಇವನೂ ಹೋದ. ಅವರು ಮರ ಸುತ್ತಿದರೆ ಇವನೂ ಸುತ್ತಿದ. ಹೀಗೆ ಮೂರು ಪ್ರದಕ್ಷಿಣೆ ಆದ ಮೇಲೆ ಮೇಷ್ಟ್ರು ಕೈಮುಗಿದು, ಬಂದ ಕೆಲಸ ಬಿಟ್ಟು, ಮುಂದೆ ನಡೆದರು.

ಈ ಸಲ ಬೈದವಳು ಚಲುವಕ್ಕ. "ಅಯ್ಯೋ ನನ್ನ ಕರ್ಮವೇ! ಪೊದೆ ಹಿಂದೆ ಯಾರಾದ್ರೂ ಹೋದ್ರೆ ನೋಡ್ತಾರೇನೋ ಮಗಾ? ಬೆನ್ನು ತಿರುಗಿಸಿ ನಿಂತ್ಕೋಬೇಕು. ಜೊತೆಗಿದ್ದವರನ್ನೂ ತಿರುಗಿಸ್ಬೇಕು. ಅವರಾಗೇ ಹೊರಗೆ ಬರೋ ತನಕ ಉಸಿರೆತ್ತಬಾರ್ದು."

ದ್ಯಾವ ಹೂಂ ಅಂದ. ಮೂರನೇ ಸಲ ಬಂದವರು ಕಾಟಿ ನೋಡಲೆಂದೇ ದೂರದಿಂದ ಬಂದಿದ್ದ ಸಂಸಾರಸ್ಥರು, ಒಟ್ಟು ಒಂಬತ್ತು ಜನ. ಅವರ ಪುಣ್ಯಕ್ಕೆ ಹುಲ್ಲುಗಾವಲಿನ ಅಂಚಲ್ಲಿ ಗುಡ್ಡದಂಥ ಕಾಟಿಯೊಂದು ಪೊದೆಯ ಹಿಂದಕ್ಕೆ ಹೋಯಿತು. ದ್ಯಾವ ಕೂಡಲೇ ಒಂಬತ್ತು ಜನರ ಭುಜ ಹಿಡಿದು ಒಬ್ಬೊಬ್ಬರನ್ನೇ ತಿರುಗಿಸಿ ನಿಲ್ಲಿಸಿದ. ತಿರುಗಿ ನೋಡಿದರೆ ಏನಾಗುತ್ತದೋ ಎಂದು ಅವರು ಉಸಿರು ಬಿಗಿ ಹಿಡಿದು ನಿಂತರು. ಕಾಟಿ ಹೊರಗೆ ಬಂತು, ಸಾಲಾಗಿ ನಿಂತ ಹತ್ತು ಬೆನ್ನುಗಳನ್ನು ನೋಡಿತು, ಕೊನೆಯವರ ಕುತ್ತಿಗೆಯ ಹತ್ತಿರ ಒಮ್ಮೆ ಬುಸ್ಸೆಂದು, ತನ್ನ ದಾರಿ ಹಿಡಿಯಿತು. ಕಾಟಿಯ ಉಸಿರು ಸಿಕ್ಕಿತು, ಕಾಟಿ ಸಿಗಲಿಲ್ಲ ಎಂದು ಬಂದವರು ದೂರು ಬರೆದಿಟ್ಟು ಹೋದರು.

ಮಲ್ಲೇಶಪ್ಪನವರಿಗೆ ಬೈದು ಬೈದು ಗಂಟಲು ಕಟ್ಟಿತ್ತು. ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದರು: ಅಪರೂಪದ್ದು ಕಂಡರೆ ತುಟಿ ಮೇಲೆ ಬೆರಳಿಡು, ಎಲ್ಲರನ್ನೂ ಸೇರಿಸು, ಅದರ ಹೆಸರು ಹೇಳು, ಏನು ತಿನ್ನುತ್ತದೆ ಹೇಳು. ಹತ್ತಿರ ಹೋಗಬೇಡ, ಮುಟ್ಟಬೇಡ, ಅದರ ಪಾಡಿಗೆ ಅದನ್ನು ಬಿಡು. ಇನ್ನು ಉಳಿದಿರುವುದು ಒಂದೇ ಸಲ, ಅವತ್ತು ಮೇಲಿನ ದೊಡ್ಡ ಸಾಹೇಬರೇ ಬರುತ್ತಾರೆ ಎಂದೂ ಹೇಳಿದರು. ಚಲುವಕ್ಕನಿಗೆ ಅನ್ನ ಸೇರಲಿಲ್ಲ.

ಆ ದಿನ ಬೆಳಗ್ಗೆ ಅವಳು ಸಾಹೇಬರಿಗೆ ಅಕ್ಕಿರೊಟ್ಟಿ ತಟ್ಟಿದಳು, ಕೋಳಿಸಾರು ಮಾಡಿದಳು, ಮಗನ ತಲೆಗೆ ಎಣ್ಣೆ ಹಚ್ಚಿ ಬಾಚಿ ಕಳಿಸಿದಳು. ಸಾಹೇಬರ ಜೊತೆ ಕಾಲೇಜಿನ ಒಂದು ತಂಡವೂ ಹತ್ತಿತು. ತುದಿಯ ಹತ್ತಿರ ಸಾಹೇಬರು ಯಾವುದೋ ಹೂವಿನ ಫೋಟೋ ತೆಗೆಯಲೆಂದು ದಾರಿ ಬಿಟ್ಟು ಕೆಳಗಿಳಿದರು. ಅಲ್ಲಿತ್ತು ಜೌಗು. ಸೊಂಟದ ತನಕ ಹೂತುಹೋದರು.

ವಿದ್ಯಾರ್ಥಿಗಳು ಕೈಕೊಡಲು ಓಡಿದರು. ದ್ಯಾವ ಅಡ್ಡ ನಿಂತ. ತುಟಿ ಮೇಲೆ ಬೆರಳಿಟ್ಟ. ಎಲ್ಲರನ್ನೂ ಒಂದು ಕಡೆ ಸೇರಿಸಿದ. ಆಮೇಲೆ ಪಿಸುಗುಟ್ಟಿದ.

"ನೋಡಿ, ಇದು ದೊಡ್ಡ ಸಾಹೇಬ್ರು. ಬಹಳ ಅಪರೂಪ, ವರ್ಷಕ್ಕೊಂದ್ಸಲ ಕಂಡ್ರೆ ಹೆಚ್ಚು. ಅಕ್ಕಿರೊಟ್ಟಿ ತಿಂತಾರೆ, ಕೋಳಿಸಾರು ಇದ್ರೆ ಏಳು ತಿಂತಾರೆ. ಹತ್ತಿರ ಹೋಗ್ಬಾರ್ದು, ಮುಟ್ಟಬಾರ್ದು, ಅವರ ಪಾಡಿಗೆ ಅವರನ್ನ ಬಿಡ್ಬೇಕು."

ಸಾಹೇಬರು ಮರದ ಬೇರು ಹಿಡಿದುಕೊಂಡು ತಾವಾಗಿಯೇ ಮೇಲೆ ಬಂದರು. ಕೆಸರು ಸುರಿಸಿಕೊಂಡು ಕ್ಯಾಂಪಿಗೆ ಇಳಿದು ಬಂದ ಅವರನ್ನು ಕಂಡು ಚಲುವಕ್ಕ ಸೌಟು ಕೆಳಗಿಟ್ಟಳು. ಮುಗಿಯಿತು, ಇದ್ದ ಒಂದು ಆಸೆಯೂ ಮುಗಿಯಿತು ಎಂದುಕೊಂಡಳು.

ನಿನಗೆ ಇದನ್ನೆಲ್ಲ ಯಾರಪ್ಪ ಕಲಿಸಿದ್ದು ಎಂದು ಸಾಹೇಬರು ಕೇಳಿದರು. ದ್ಯಾವ ಮೊದಲನೇ ದಿನದಿಂದ ಯಾರು ಯಾರು ಏನೇನು ಹೇಳಿದರೋ ಅಷ್ಟನ್ನೂ ಒಂದಕ್ಷರ ಬಿಡದೆ ಒಪ್ಪಿಸಿದ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸಾಕಾದ ಮೇಲೆ ಮಲ್ಲೇಶಪ್ಪನವರ ಕಡೆ ತಿರುಗಿ, ಕ್ಯಾಂಪಿನಿಂದ ಕಾಡಿಗೆ ಹೋಗುವ ಗೇಟಿನಲ್ಲಿ ಪರಿಚಯದವರು, ನೆಂಟರು, ನೆಂಟರ ನೆಂಟರು ಪಾಸಿಲ್ಲದೆ ಬಾಟಲಿ ಹಿಡಿದುಕೊಂಡು ಒಳಗೆ ಹೋಗುತ್ತಾರಂತಲ್ಲ ಎಂದರು. ಮಲ್ಲೇಶಪ್ಪ ತಮ್ಮ ಬೂಟು ನೋಡಿಕೊಂಡರು.

"ಗೈಡ್ ಕೆಲಸ ಇವನಿಗೆ ಬೇಡ. ನಾಳೆಯಿಂದ ಗೇಟಿಗೆ ಇವನೇ," ಎಂದರು ಸಾಹೇಬರು. "ಕೇಳಿಸ್ಕೊಳಪ್ಪ. ಪಾಸ್ ಇಲ್ಲದೆ ಯಾರನ್ನೂ ಒಳಗೆ ಬಿಡ್ಬಾರ್ದು. ನಾನು ಬಂದ್ರೂ ಅಷ್ಟೇ, ಯಾರು ಬಂದ್ರೂ ಅಷ್ಟೇ."

ದ್ಯಾವ ಹೂಂ ಅಂದ. ಚಲುವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷದಲ್ಲಿ ಮಗನನ್ನು ಇದ್ದ ಹಾಗೇ ಬೇಕು ಎಂದವರು ಇವರೊಬ್ಬರೇ.

ಮಾರನೇ ದಿನ ದ್ಯಾವ ಖಾಕಿ ಅಂಗಿ ತೊಟ್ಟು ಗೇಟಿಗೆ ನಿಂತ. ಮಲ್ಲೇಶಪ್ಪನವರ ಭಾವಮೈದ ಜೀಪು ತಂದ, ಹಾರ್ನ್ ಹೊಡೆದ, ಹೆಸರು ಹೇಳಿದ, ಕೂಗಾಡಿದ. ಪಾಸ್ ಎಂದ ದ್ಯಾವ. ಜೀಪು ವಾಪಸ್ಸು ಹೋಯಿತು. ಭಾವಮೈದನ ಪರ ಮಾತಾಡಲು ಬಂದ ಮಲ್ಲೇಶಪ್ಪನವರಿಗೂ ಅದೇ ಮಾತು. ಮಧ್ಯಾಹ್ನ ಚಲುವಕ್ಕ ಬುತ್ತಿ ತಂದಳು. ಹೆತ್ತ ತಾಯಿಯೆಂದು ಬಿಟ್ಟಾನೆಯೇ? ಬಿಡಲಿಲ್ಲ. ತಾನೇ ಅಡ್ಡಗೋಲಿನ ಕೆಳಗೆ ನುಸುಳಿ ಹೊರಗೆ ಬಂದು, ಅವಳ ಪಕ್ಕ ಕೂತು, ಹೊಟ್ಟೆ ತುಂಬ ಉಂಡು, ಕೈ ತೊಳೆದು ಎದ್ದ. ಗೇಟಿನ ತನಕ ಹೋಗಿ ಗಕ್ಕನೆ ನಿಂತ. ಜೇಬು ತಡವಿಕೊಂಡ.

"ಅವ್ವಾ, ನನ್ ಹತ್ರ ಪಾಸ್ ಇಲ್ಲ."

"ನೀನೇ ಗೇಟಿನವನು ಕಣೋ, ಹೋಗೋ ಒಳಗೆ."

"ಯಾರು ಬಂದ್ರೂ ಅಷ್ಟೇ ಅಂದಿದಾರೆ."

ಅಷ್ಟರಲ್ಲಿ ಪಾಸು ಹಿಡಿದುಕೊಂಡು ಹದಿನೈದು ಜನ ಬಂದು ಸಾಲಾಗಿ ನಿಂತರು, ಗೇಟು ತೆಗೆಯಪ್ಪ ಎಂದರು. ಗೇಟಿನವನು ಊಟಕ್ಕೆ ಹೋಗಿದ್ದಾನೆ, ಬಂದ ಮೇಲೆ ತೆಗೆಯುತ್ತಾನೆ ಎಂದು ದ್ಯಾವ ವಿನಯವಾಗಿ ಹೇಳಿದ. ಚಲುವಕ್ಕನಿಗೆ ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅಲ್ಲೇ ಕಲ್ಲಿನ ಮೇಲೆ ಕೂತಳು. ತನ್ನನ್ನೇ ಒಳಗೆ ಬಿಟ್ಟುಕೊಳ್ಳದವನು ಇನ್ಯಾರನ್ನು ಬಿಟ್ಟಾನು? ಈ ಕೆಲಸ ಮಗನ ಕೈಬಿಟ್ಟು ಹೋಗುವುದಿಲ್ಲ ಎಂದು ಅವಳಿಗೆ ಆಗ ಪೂರ್ತಿ ಧೈರ್ಯ ಬಂತು.

ದ್ಯಾವ ಖಾಕಿ ಅಂಗಿಯ ಗುಂಡಿ ಸರಿಮಾಡಿಕೊಂಡು, ಸಾಲಿನ ಕೊನೆಗೆ ಹೋಗಿ ನಿಂತು, ಗೇಟಿನವನು ಬರಲಿ ಎಂದು ಕಾಯತೊಡಗಿದ.