ಬಾಳವ್ವ ಹೇಳದ ಹೆಸರು

ಶಿಷ್ಯ ಚನ್ನವೀರ ಕೇಳಿದ: "ಗುರುಗಳೇ, ಹಿಡಿದ ನೇಮವನ್ನು ಬಿಟ್ಟರೆ ಪಾಪವಲ್ಲವೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಅವನ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ ಯಂತ್ರಕ್ಕೆ ಮೈಯೊಡ್ಡಿ, ರಕ್ತ ಶುದ್ಧಿ ಮಾಡಿಸಿಕೊಂಡು ಬದುಕುತ್ತಿದ್ದ. ಅವನ ಹೆಂಡತಿ ಬಾಳವ್ವ, "ನಂದೊಂದು ಕಿಡ್ನಿ ತಗೋರಿ" ಎಂದಳು, ಇನ್ನೊಂದು ರೊಟ್ಟಿ ಬಡಿಸುವಷ್ಟೇ ಸಲೀಸಾಗಿ. ಆದರೆ ಇಬ್ಬರ ರಕ್ತ ಹೊಂದಲಿಲ್ಲ. ಊರಿನ ವೈದ್ಯರು ಕೈಚೆಲ್ಲಿದರು. ರಕ್ತ ಹೊಂದದವರಿಗೂ ಕಸಿ ಮಾಡುತ್ತೇವೆ ಎಂದು ಕಡಲಾಚೆಯ ಒಂದು ಆಸ್ಪತ್ರೆ ಒಪ್ಪಿಕೊಂಡಿತು. ಹುಟ್ಟಿದಾಗಿನಿಂದ ತಾಲ್ಲೂಕು ದಾಟದ ಬಾಳವ್ವ ಗಂಡನ ಕೈಹಿಡಿದು ವಿಮಾನ ಹತ್ತಿದಳು. ಹೆದರಿಕೆಯಾಯಿತು, ಆದರೆ ಅವನಿಲ್ಲದ ಮನೆಯನ್ನು ನೆನೆದಾಗ ಆಗುತ್ತಿದ್ದಷ್ಟು ಅಲ್ಲ.

ಆ ದೇಶದಲ್ಲಿ ಒಂದು ಕಟ್ಟಳೆ. ಅಂಗ ಕೊಡುವವರನ್ನು ಒಬ್ಬರನ್ನೇ ಕೂರಿಸಿ ವಿಚಾರಿಸುತ್ತಾರೆ. ಬಡವರನ್ನು ಯಾರಾದರೂ ದುಡ್ಡಿಗೆ ಕರೆತಂದಿದ್ದಾರೇನೋ ಎಂಬ ಅನುಮಾನ ಅವರಿಗೆ. ಗಂಡನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಒಬ್ಬ ಅಧಿಕಾರಿ. ಅವನ ಮಾತನ್ನು ಕನ್ನಡದಲ್ಲಿ ತಿಳಿಸಲು ಒಬ್ಬ ತರುಣಿ. ಆಕೆ ಅಲ್ಲೇ ಹುಟ್ಟಿ ಬೆಳೆದವಳು. ಭಾಷೆ ಬರುತ್ತಿತ್ತು, ನಮ್ಮ ಕಡೆಯ ರೀತಿ ರಿವಾಜು ತಿಳಿದಿರಲಿಲ್ಲ.

"ನಿಮ್ಮ ಗಂಡನ ಹೆಸರೇನು?" ಎಂದು ಕೇಳಿದಳು.

ಬಾಳವ್ವ ತಲೆ ತಗ್ಗಿಸಿದಳು. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ತಾಯಿ ಹೇಳಿಕೊಟ್ಟಿದ್ದಳು. ಮೂವತ್ತೊಂದು ವರ್ಷ ಆ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ಜಗಳದಲ್ಲೂ ಬಂದಿರಲಿಲ್ಲ, ಅದೇನು ಸಣ್ಣ ಮಾತೇ!

"ಕಾಗದದಾಗ ಬರದೈತಲ್ರೀ," ಎಂದಳು.

ಅಧಿಕಾರಿ ಇನ್ನೆರಡು ಸಲ ಕೇಳಿಸಿದ. ಅವಳು ಸೆರಗಿನ ತುದಿ ಹಿಂಡುತ್ತ ಕೂತಳು. ಅವನು ಪೆನ್ನು ಕೆಳಗಿಟ್ಟ.

ತರುಣಿ ಮೆಲ್ಲಗೆ ಹೇಳಿದಳು: "ಅಮ್ಮಾ, ಕಾಗದ ಯಾರು ಬೇಕಾದರೂ ಮಾಡಿಸುತ್ತಾರಂತೆ. ಗಂಡನ ಹೆಸರೇ ಗೊತ್ತಿಲ್ಲದ ಹೆಂಡತಿ ಇರುತ್ತಾಳೆಯೇ ಅಂತ ಕೇಳುತ್ತಿದ್ದಾರೆ. ನೀವು ಹೇಳದಿದ್ದರೆ ಕಸಿ ಇಲ್ಲ. ಇಬ್ಬರನ್ನೂ ವಾಪಸ್ ಕಳಿಸುತ್ತಾರೆ."

ಯಂತ್ರದ ಪಕ್ಕದಲ್ಲಿ ಬತ್ತಿ ಮಲಗಿರುತ್ತಿದ್ದ ಗಂಡನ ಮುಖ ಬಾಳವ್ವನ ಕಣ್ಣಮುಂದೆ ಬಂತು. ಕಣ್ಣು ಮುಚ್ಚಿದಳು. ತಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮಾಳಿಂಗಪ್ಪ," ಎಂದಳು. ದನಿ ಏಳಲಿಲ್ಲ. ಅಧಿಕಾರಿಗೆ ಕೇಳಿಸಲಿಲ್ಲವೇನೋ ಎಂದು ಗಾಬರಿಯಾಗಿ, ಗೋಡೆ ಅದುರುವಂತೆ ಕೂಗಿಬಿಟ್ಟಳು: "ಮಾಳಿಂಗಪ್ಪ!"

ಬಾಗಿಲು ತೆರೆಯಿತು. ಊದಿದ ಕಾಲೆಳೆಯುತ್ತ ಬಂದ ಗಂಡ ಅಲ್ಲಿ ನಿಂತಿದ್ದ. ಆ ದನಿಯಲ್ಲಿ ತನ್ನ ಹೆಸರನ್ನು ಅವನು ಎಂದೂ ಕೇಳಿರಲಿಲ್ಲ. ಕಣ್ಣು ತುಂಬಿಕೊಂಡಿತ್ತು.

"ಕರದ್ಯಾ?" ಎಂದ.

ಬಾಳವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾಚಿಕೆಯೂ ಅಳುವೂ ಒಟ್ಟಿಗೆ ಬಂದವು. ಅಧಿಕಾರಿ ಮತ್ತೇನೂ ಕೇಳದೆ ರುಜು ಹಾಕಿದ. ಕಸಿ ಕೈಗೂಡಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚನ್ನವೀರನಿಗೆ ಸಮಾಧಾನವಾಗಲಿಲ್ಲ.

"ಏನೇ ಆದರೂ ಆಕೆಯ ನೇಮ ಮುರಿಯಿತಲ್ಲ, ಗುರುಗಳೇ?"

ಗುರುಗಳೆಂದರು: "ಅವನ ಆಯುಸ್ಸಿಗೆಂದು ಕಾಪಾಡಿದ್ದನ್ನು ಅವನ ಆಯುಸ್ಸಿಗೇ ಕೊಟ್ಟಳು, ಮಗು, ಅದು ಮುರಿದದ್ದು ಎಲ್ಲಿ?"