ಹೊಟ್ಟೆ ಗುರ್ ಅನ್ನುವುದು ಯಾರನ್ನು ಕರೆಯಲು

ಭೂಮಿಯ ಮೈ ಇನ್ನೂ ಬೆಚ್ಚಗಿದ್ದ ಕಾಲ. ಗಾಳಿಗೆ ಬೀಸುವ ದಿಕ್ಕು ಗೊತ್ತಿರಲಿಲ್ಲ, ಹೊಳೆಗೆ ಹರಿಯುವ ದಾರಿ ಗೊತ್ತಿರಲಿಲ್ಲ. ಆಗ ಎಲ್ಲರಿಗಿಂತ ಮೊದಲು ಹುಟ್ಟಿದವರು ಕಾಣದ ಮಂದಿ. ಒಂದು ಸಾಸಿವೆ ಕಾಳಿನ ಮೇಲೆ ಇಡೀ ಊರು ಕಟ್ಟುವಷ್ಟು ಸಣ್ಣವರು. ಮೊದಲು ಹುಟ್ಟಿದರೂ ಅವರಿಗೆ ಮನೆ ಇರಲಿಲ್ಲ ಮಗಾ. ದೊಡ್ಡವರು ಬಂದು ಜಾಗ ಹಿಡಿದ ಮೇಲೆ ಸಣ್ಣವರಿಗೆ ಏನು ಉಳಿಯುತ್ತದೆ?

“ನಿನ್ನಲ್ಲಿ ಇರೋಣವೇ?” ಅಂತ ಗಾಳಿಯನ್ನು ಕೇಳಿದರು.

“ನಾನೇ ಒಂದು ಕಡೆ ನಿಲ್ಲುವುದಿಲ್ಲ, ನಿಮ್ಮನ್ನೆಲ್ಲಿ ನಿಲ್ಲಿಸಲಿ?” ಅಂದಿತು ಗಾಳಿ.

ಹೊಳೆಯನ್ನು ಕೇಳಿದರು. “ನಾನು ತೊಳೆಯುವವಳು, ಇಟ್ಟುಕೊಳ್ಳುವವಳಲ್ಲ” ಅಂದಿತು ಹೊಳೆ.

ಹಸು ಮಾತ್ರ ಬಾಯಿ ತೆರೆದು, “ಒಳಗೆ ಬನ್ನಿ. ನಾನು ಹುಲ್ಲು ತರುತ್ತೇನೆ, ನೀವು ಬೇಯಿಸಿ” ಅಂದಿತು.

ಅದೇ ಕಾಲದಲ್ಲಿ ಬೋರವ್ವ ಅಂತ ಒಬ್ಬಳಿದ್ದಳು. ಅವಳಿಗೆ ಚೆಲುವಿ ಅಂತ ಒಬ್ಬಳೇ ಮಗಳು. ಹುಡುಗಿ ಎಷ್ಟು ತಿಂದರೂ ಮೈಗೆ ಹತ್ತುತ್ತಿರಲಿಲ್ಲ. ಬೋರವ್ವ ಹಸುವಿನ ಮುಂದೆ ಕೂತು ಅತ್ತಳು. ಹಸುವಿಗೆ ಕರುಳು ಚುರ್ ಅಂದಿತು. “ನನ್ನೊಳಗಿನವರಲ್ಲಿ ಕೆಲವರನ್ನು ಕರೆದುಕೊಂಡು ಹೋಗು, ತಾಯಿ” ಅಂದಿತು.

ಕಾಣದ ಮಂದಿ ಒಂದೇ ಮಾತು ಕೇಳಿದರು. “ಸಾರ ನಿಮಗೆ, ಸಿಹಿ ನಿಮಗೆ. ನಿಮ್ಮ ಹೊಟ್ಟೆಗೆ ಬಗ್ಗದ ನಾರು, ತೌಡು, ದಂಟು ನಮಗಿರಲಿ. ನಾವು ಒಳಗೆ ಒಲೆ ಉರಿಸುತ್ತೇವೆ, ಬಾಗಿಲು ಕಾಯುತ್ತೇವೆ, ನೆತ್ತರಿಗೆ ಸಕ್ಕರೆಯನ್ನು ಬೇಕಾದಷ್ಟೇ ಬಿಡುತ್ತೇವೆ.”

“ಆಗಲಿ” ಅಂದಳು ಬೋರವ್ವ. ಬೇಕಾದಾಗ ಎಲ್ಲರೂ ಆಗಲಿ ಅನ್ನುತ್ತಾರೆ.

ಹಸುವಿನ ಹಾಲಿನ ಹೆಪ್ಪಿನಲ್ಲಿ ಕೂತು ಅವರು ಚೆಲುವಿಯ ಒಳಗೆ ಹೋದರು. ಚೆಲುವಿ ಮೈ ತುಂಬಿಕೊಂಡಳು. ಕೆನ್ನೆಗೆ ಬಣ್ಣ ಬಂತು. ಬಣ್ಣ ಬಂದ ಮೇಲೆ ಬೋರವ್ವನಿಗೆ ಬಿಂಕ ಬಂತು. “ನನ್ನ ಮಗಳ ನಾಲಿಗೆಗೆ ನಾರು ತಾಗಬಾರದು” ಅಂತ ಒಂದು ಜರಡಿ ಮಾಡಿಕೊಂಡಳು. ಹಿಟ್ಟನ್ನು ಒಮ್ಮೆ ಜರಡಿ ಹಿಡಿದಳು, ಎರಡು ಸಲ ಹಿಡಿದಳು, ಮೂರು ಸಲ ಹಿಡಿದಳು. ತೌಡು ತಿಪ್ಪೆಗೆ ಹೋಯಿತು. ನುಣ್ಣನೆ ಹಿಟ್ಟಿಗೆ ಬೆಲ್ಲ, ಬೆಲ್ಲದ ಮೇಲೆ ಜೇನು.

ಪಕ್ಕದ ಹಟ್ಟಿಯಲ್ಲಿ ಪುಟ್ಟೀರಿ ಇದ್ದಳು. ಒಂದು ಹಸು, ಒಂದು ಎಳೆಗೂಸು. ಅವಳು ತೌಡು ಸಮೇತ ರೊಟ್ಟಿ ತಟ್ಟುತ್ತಿದ್ದಳು, ದಂಟು ಸಮೇತ ಸೊಪ್ಪು ಬೇಯಿಸುತ್ತಿದ್ದಳು. ಬೋರವ್ವ ಅವಳನ್ನು ತೌಡಿನ ಪುಟ್ಟಿ ಅಂತ ಆಡಿಕೊಳ್ಳುತ್ತಿದ್ದಳು.

ಒಂದು ಸಂಜೆ ಪುಟ್ಟೀರಿ ಬಟ್ಟಲು ಹಿಡಿದು ಬಂದಳು. “ಅಕ್ಕಯ್ಯ, ನಮ್ಮ ಮೊಸರಿನ ಗಡಿಗೆ ಒಡೆದೋಯ್ತು. ಒಂದ್ ಚೂರು ಹೆಪ್ಪು ಕೊಡಿ.”

ಬೋರವ್ವ ಜರಡಿ ಹಿಡಿದು ಕೂತಿದ್ದಳು. ಏಳಲು ಸೋಮಾರಿತನ. ಬಾಯಿಗೆ ಬಂದದ್ದು ಹೇಳಿದಳು: “ದೀಪ ಹಚ್ಚಿದ್ ಮೇಲೆ ಹೆಪ್ಪು ಕೊಡಬಾರ್ದು ಕಣೆ. ಕೊಟ್ಟೋರ ಹಟ್ಟಿ ಹಸ ಬತ್ತೋಗ್ತದೆ. ಬೆಳಗ್ಗೆ ಬಾ.”

ಪಾಪ, ಪುಟ್ಟೀರಿ ನಂಬಿದಳು.

ಇತ್ತ ಚೆಲುವಿಯ ಒಳಗೆ ಕಾಣದ ಮಂದಿ ಕಾದರು. ತೌಡು ಬರಲಿಲ್ಲ. ನಾರು ಬರಲಿಲ್ಲ. ದಂಟು ಬರಲಿಲ್ಲ. ಹಸಿವು ತಾಳದೆ, ತಾವೇ ಕಾಯುತ್ತಿದ್ದ ಮನೆಯ ಗೋಡೆಯನ್ನೇ ಕೆರೆದು ತಿಂದರು. ಗೋಡೆ ತೆಳ್ಳಗಾಯಿತು, ಹುಡುಗಿಗೆ ಜ್ವರ ಬಂತು. ಬೋರವ್ವ ಕಾಡಿನ ಬೇರುಗಳನ್ನೆಲ್ಲ ಅರೆದು ಉರಿಗಷಾಯ ಕುಡಿಸಿದಳು. ಜ್ವರ ಬಿಟ್ಟಿತು, ಸುಳ್ಳೇಕೆ ಹೇಳಲಿ. ಆದರೆ ಸೀನಿದರೂ ಕಷಾಯ, ಕೆಮ್ಮಿದರೂ ಕಷಾಯ ಆಯಿತು. ಕಷಾಯಕ್ಕೆ ಕಳ್ಳ ಯಾರು, ಕಾವಲುಗಾರ ಯಾರು ಅಂತ ಗೊತ್ತೇ? ಒಳಗಿನ ಕೇರಿಗಳು ಒಂದೊಂದಾಗಿ ಬರಿದಾದವು.

ಆಮೇಲೆ ಒಂದು ದಿನ ಇರುವೆ ಬಂದು, “ಬೋರವ್ವ, ನಿನ್ನ ಮಗಳು ಉಚ್ಚೆ ಹೊಯ್ದ ಜಾಗ ಸಿಹಿಯಾಗಿದೆ, ನಮ್ಮವರೆಲ್ಲ ಅಲ್ಲೇ ಮುತ್ತಿದ್ದಾರೆ” ಅಂದಿತು. ಚೆಲುವಿ ಕೊಡಗಟ್ಟಲೆ ನೀರು ಕುಡಿದಳು, ಆದರೂ ಬಾಯಾರಿಕೆ. ಕಣ್ಣು ಮಂಜಾಯಿತು.

ಬೋರವ್ವ ಹೊಳೆಯ ಬದಿಯ ಕಹಿಬಳ್ಳಿಯ ಹತ್ತಿರ ಓಡಿದಳು. ಬಳ್ಳಿ ಎಲೆ ಕೊಟ್ಟಿತು. ಹುಡುಗಿ ತಿಂದಳು, ಗುಣ ಕಾಣಲಿಲ್ಲ. ಮತ್ತೆ ತಿಂದಳು, ಗುಣ ಕಾಣಲಿಲ್ಲ.

“ನನ್ನ ಮದ್ದು ಗಂಟು ಕಟ್ಟಿದ ಮದ್ದು” ಅಂದಿತು ಬಳ್ಳಿ. “ಆ ಗಂಟು ಬಿಚ್ಚುವುದು ಕಾಣದ ಮಂದಿಗೆ ಮಾತ್ರ ಗೊತ್ತು. ನಿನ್ನ ಮಗಳೊಳಗೆ ಅವರೆಲ್ಲಿದ್ದಾರೆ? ನಿನ್ನ ಮನೆಯ ಹೆಪ್ಪಿನಲ್ಲೂ ಉಳಿದಿಲ್ಲ. ಅವರನ್ನು ಇನ್ನೂ ಸಾಕುತ್ತಿರುವ ಮನೆಯಿಂದ ಹೆಪ್ಪು ತಾ. ಸೂರ್ಯ ಮತ್ತೆ ಹುಟ್ಟುವುದರೊಳಗೆ ಕುಡಿಸು. ಆಮೇಲೆ ಕಣ್ಣು ಉಳಿಯುವುದಿಲ್ಲ.”

ಆಗ ನಡುಮಧ್ಯಾಹ್ನ. ಅಂಥ ಮನೆ ಯಾವುದು ಅಂತ ಬೋರವ್ವನಿಗೆ ಗೊತ್ತಿತ್ತು. ಆದರೆ ತೌಡಿನ ಪುಟ್ಟಿಯ ಬಾಗಿಲಿಗೆ ಬಟ್ಟಲು ಹಿಡಿದು ಹೋಗುವುದೇ? ಹೊಸಿಲವರೆಗೆ ಹೋದಳು, ಹಿಂದಕ್ಕೆ ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಮೂರನೆಯ ಸಲ ಮನಸ್ಸು ಗಟ್ಟಿ ಮಾಡಿಕೊಂಡು ಹೊರಟಾಗ ಪುಟ್ಟೀರಿಯ ಗೂಡಿನಲ್ಲಿ ದೀಪ ಉರಿಯುತ್ತಿತ್ತು.

“ಪುಟ್ಟೀರಿ, ಒಂದ್ ಚೂರು ಹೆಪ್ಪು ಕೊಡವ್ವ, ನಿನ್ ಕಾಲಿಗೆ ಬೀಳ್ತೀನಿ.”

ಪುಟ್ಟೀರಿ ಕೂಸನ್ನು ಎದೆಗೆ ಅವಚಿಕೊಂಡಳು. “ದೀಪ ಹಚ್ಚಾಯ್ತಲ್ಲ ಅಕ್ಕಯ್ಯ. ನೀವೇ ಹೇಳಿದ್ರಲ್ಲ, ಹಸ ಬತ್ತೋಗ್ತದೆ ಅಂತ. ನನ್ ಕೂಸು ಆ ಹಾಲಲ್ಲೇ ಬದುಕಿರೋದು.”

“ಅದು ಸುಳ್ಳು ಕಣೆ! ಸೋಮಾರಿತನಕ್ಕೆ ಹೇಳಿದ್ ಸುಳ್ಳು!”

“ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳೋದು ಸುಳ್ಳೋ, ನಂಗೆಂಗೆ ಗೊತ್ತಾಗ್ಬೇಕು?” ಅಂತ ಪುಟ್ಟೀರಿ ಅತ್ತಳು. ಅಳುತ್ತಲೇ ಬಾಗಿಲು ಹಾಕಿಕೊಂಡಳು. ಅವಳನ್ನು ಬೈಯಬೇಡ ಮಗಾ. ಅವಳೂ ತಾಯಿ.

ಬೆಳಗಾಗುತ್ತಲೇ ಪುಟ್ಟೀರಿಯೇ ಓಡೋಡಿ ಗಡಿಗೆ ತುಂಬ ತಂದಳು. ಬೋರವ್ವ ಮಗಳ ತಲೆ ಎತ್ತಿ ಹಿಡಿದು ಕುಡಿಸಿದಳು. ಅಂಗಳದ ತುಂಬ ಬಿಸಿಲಿತ್ತು.

“ಅವ್ವಾ,” ಅಂದಳು ಚೆಲುವಿ, “ಇನ್ನೂ ಬೆಳಕಾಗಿಲ್ವಾ?”

ಹುಡುಗಿ ಬದುಕಿದಳು, ಕಣ್ಣು ಹೋಯಿತು. ಹೆಪ್ಪಿನ ಜೊತೆ ಕಾಣದ ಮಂದಿ ಕೆಲವರು ಬಂದರು, ಒಲೆ ಹಚ್ಚಿದರು, ಮದ್ದಿನ ಗಂಟು ಅರ್ಧ ಬಿಚ್ಚಿದರು. ಇನ್ನರ್ಧ ಬಿಚ್ಚುವುದು ಗೊತ್ತಿದ್ದವರು ಕಷಾಯದಲ್ಲಿ ಬೆಂದುಹೋಗಿದ್ದರು. ಚೆಲುವಿಯ ಮಕ್ಕಳಿಗೂ, ಅವರ ಮಕ್ಕಳಿಗೂ ಸಿಕ್ಕಿದ್ದು ಆ ಅರ್ಧವೇ. ನನ್ನ ಡಬ್ಬಿಯಲ್ಲಿರುವ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ದಿನಾ ನೋಡುತ್ತೀಯಲ್ಲ? ನುಂಗುವಾಗಲೆಲ್ಲ ನನಗೆ ಆ ಬೋರವ್ವನ ಮೇಲೆ ಸಿಟ್ಟು ಬರುತ್ತದೆ. ಆಮೇಲೆ ನಾನು ಹರೆಯದಲ್ಲಿ ಎಷ್ಟು ತೌಡು ತಿಪ್ಪೆಗೆ ಚೆಲ್ಲಿದೆ ಅಂತ ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತೇನೆ.

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಅಂತ ಜನ ಈಗಲೂ ಹೇಳುತ್ತಾರೆ. ಸುಳ್ಳಿಗೆ ಆಯಸ್ಸು ಜಾಸ್ತಿ.

ತಟ್ಟೆಯ ಅಂಚಿಗೆ ಎತ್ತಿಟ್ಟಿದ್ದೀಯಲ್ಲ ಆ ದಂಟು, ಅದು ನಿನ್ನ ಪಾಲಲ್ಲ ಮಗಾ, ಅವರ ಪಾಲು. ಹಸಿದಾಗ ನಿನ್ನ ಹೊಟ್ಟೆ ಗುರ್ ಅನ್ನುವುದು, ಒಳಗೆ ಉಳಿದವರು ಅಂದು ಸತ್ತುಹೋದ ತಮ್ಮವರನ್ನು ಹೆಸರು ಹಿಡಿದು ಕೂಗುವ ದನಿ; ಕೂಗಿ ಸುಮ್ಮನಾಗಿ ಕಾಯುತ್ತಾರೆ, ಯಾರೂ ಓಗೊಡದಿದ್ದಾಗ ಇನ್ನೊಮ್ಮೆ ಕೂಗುತ್ತಾರೆ.